ಡಿಸ್ಕ್ ಬದಲಾಯಿಸಿದ ಮೇಲೆ ಕಂಪ್ಯೂಟರ್ ಏಳುತ್ತಿಲ್ಲವೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಒಂದೇ ಸಂಕಟ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ಹೊಸ ಕಂಪ್ಯೂಟರ್ ತಗೊಳ್ಳುವಷ್ಟು ದುಡ್ಡು ಎಲ್ಲರ ಕೈಯಲ್ಲಿ ಇರುವುದಿಲ್ಲ, ಅಲ್ವಾ? ಹಾಗಾಗಿ ಹಳೇದಕ್ಕೇ ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್) ಹಾಕಿಸಿ, ವಿಂಡೋಸ್ 11 ಹಾಕಿಸಿಕೊಂಡವರು ತುಂಬಾ ಜನ. ಯೋಚನೆ ಒಳ್ಳೆಯದೇ. ಆದರೆ ಡಿಸ್ಕ್ ಬದಲಾದ ಮೇಲೆ ಯಂತ್ರ ಏಳದೇ ಹೋದರೆ ಸುತ್ತಮುತ್ತಲಿನವರು ಹೇಳುವ ಮೊದಲ ಮಾತು ‘ಫಾರ್ಮ್ಯಾಟ್ ಮಾಡಿಬಿಡಿ’. ದಾವಣಗೆರೆಯ ನನ್ನ ರಿಪೇರಿ ಮೇಜಿಗೆ ಬರುವ ಇಂಥ ಯಂತ್ರಗಳಲ್ಲಿ ಫಾರ್ಮ್ಯಾಟ್ ಬೇಕಿಲ್ಲದೇ ಸರಿಹೋಗುವಂಥವೇ ಹೆಚ್ಚು. ದಯವಿಟ್ಟು ಆ ಮಾತಿಗೆ ಅವಸರದಲ್ಲಿ ಹೂಂ ಅನ್ನಬೇಡಿ. ಯಂತ್ರ ಎಲ್ಲಿಯವರೆಗೆ ಬಂದು ನಿಂತಿದೆ ಅಂತ ಮೊದಲು ನೋಡಿ.

ಪ್ರಶ್ನೆ: ಮೇಡಂ, ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ಮಾಡಿಕೊಡುತ್ತೇವೆ. ಕಂಪ್ಯೂಟರ್ 2018ರಲ್ಲಿ ತಗೊಂಡದ್ದು, 1 ಟಿಬಿ ಹಾರ್ಡ್ ಡಿಸ್ಕ್. ಪರಿಚಯದ ಹುಡುಗನೊಬ್ಬ 500 ಜಿಬಿ ಎಸ್‌ಎಸ್‌ಡಿ ಹಾಕಿ, ಅದರಲ್ಲಿ ವಿಂಡೋಸ್ 11 ಹಾಕಿಕೊಟ್ಟ. ಹಳೇ ಡಿಸ್ಕ್ ಒಳಗೇ ಇತ್ತು, ಫೈಲ್‌ಗಳೆಲ್ಲ ಅದರಲ್ಲೇ. ಸ್ವಲ್ಪ ದಿನ ಚೆನ್ನಾಗಿ ನಡೆಯಿತು. ಆಮೇಲೆ ಹಳೇ ಡಿಸ್ಕ್ ಆಗಾಗ ಟಕ್ ಟಕ್ ಅನ್ನತೊಡಗಿತು. ಹೆದರಿ ಅದನ್ನು ಬಿಚ್ಚಿಸಿದೆ. ಆವತ್ತಿನಿಂದ ಕಪ್ಪು ತೆರೆಯ ಮೇಲೆ ‘ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಅಂತ ಬರುತ್ತದೆ. ಒಬ್ಬರು ಎಸ್‌ಎಸ್‌ಡಿ ಹೋಗಿದೆ ಅಂತಾರೆ, ಇನ್ನೊಬ್ಬರು ಫಾರ್ಮ್ಯಾಟ್ ಅಂತಾರೆ. ಹಳೇ ಡಿಸ್ಕಿನಲ್ಲಿ ನುಡಿ ತಂತ್ರಾಂಶ ಹಾಕಿ ಮಾಡಿದ ವರ್ಷಗಟ್ಟಲೆಯ ಕೆಲಸ ಇದೆ. ಏನು ಮಾಡಲಿ?
– ಡಿಟಿಪಿ ಅಂಗಡಿಯವರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ. ಹಳೇ ಡಿಸ್ಕ್ ಒಳಗಿದ್ದಾಗ ಏಳುತ್ತಿತ್ತು, ತೆಗೆದ ಕೂಡಲೇ ನಿಂತಿತು. ಎಸ್‌ಎಸ್‌ಡಿ ಹೋಗಿದ್ದರೆ ಅದು ಇಷ್ಟು ಸರಿಯಾಗಿ ಅದೇ ದಿನ ಹೋಗುವ ಸಂಭವ ಕಡಿಮೆ.

ಮೊದಲು ಒಂದು ಪರೀಕ್ಷೆ ಮಾಡಿ. ಯಂತ್ರ ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಅಥವಾ ಎಫ್2 ಒತ್ತುತ್ತಾ ಇರಿ. ಬಯಾಸ್, ಅಂದರೆ ವಿಂಡೋಸ್ ಏಳುವ ಮೊದಲೇ ಕೆಲಸ ಮಾಡುವ ಯಂತ್ರದ ಸ್ವಂತ ಸೆಟ್ಟಿಂಗ್ ಪರದೆ, ತೆರೆಯುತ್ತದೆ. ಅಲ್ಲಿ ಸ್ಟೋರೇಜ್ ಅಥವಾ ಸಾಟಾ ಎಂಬ ಕಡೆ ಎಸ್‌ಎಸ್‌ಡಿಯ ಹೆಸರು ಕಾಣುತ್ತಿದೆಯಾ ನೋಡಿ. ಕಂಡರೆ ಡಿಸ್ಕ್ ಬದುಕಿದೆ, ಕೇಬಲ್ಲೂ ಸರಿ ಇದೆ. ಕಾಣದಿದ್ದರೆ ಹಳೇ ಡಿಸ್ಕ್ ಬಿಚ್ಚುವಾಗ ಎಸ್‌ಎಸ್‌ಡಿಯ ಕೇಬಲ್ ಸಡಿಲ ಆಗಿರಬಹುದು. ಸಾಟಾ ಕೇಬಲ್ ತುದಿ ನೋಡೋಕೆ ಕೂತಂತೆಯೇ ಇರುತ್ತದೆ, ಆದರೆ ಒಂದು ಎಳೆಯಷ್ಟು ಹೊರಗೆ ಬಂದಿದ್ದರೂ ಸಾಕು, ಡಿಸ್ಕ್ ಕಾಣುವುದಿಲ್ಲ. ಹೊಸ ಕೇಬಲ್ ಹಾಕಿ, ಮದರ್‌ಬೋರ್ಡಿನ ಇನ್ನೊಂದು ಪೋರ್ಟಿಗೆ ಚುಚ್ಚಿ ನೋಡಿ.

ನಿಮ್ಮದು ಕಾಣುತ್ತದೆ ಅಂತಲೇ ನನ್ನ ಊಹೆ. ಹಾಗಿದ್ದರೆ ಆಗಿರುವುದು ಇಷ್ಟು. ಈಗಿನ ಯಂತ್ರಗಳಲ್ಲಿ ವಿಂಡೋಸ್ ಏಳಬೇಕಾದರೆ ಡಿಸ್ಕಿನಲ್ಲಿ ಒಂದು ಪುಟ್ಟ ವಿಭಾಗ ಬೇಕು. ಇಎಫ್‌ಐ ಸಿಸ್ಟಮ್ ಪಾರ್ಟಿಶನ್ ಅಂತ ಅದರ ಹೆಸರು. ಸಾಮಾನ್ಯವಾಗಿ 100 ಎಂಬಿ ಇರುತ್ತದೆ, ಫ್ಯಾಟ್32 ರೂಪದಲ್ಲಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆನ್ ಮಾಡಿದಾಗ ಬಯಾಸ್ ಮೊದಲು ಹುಡುಕುವುದು ಅದನ್ನೇ. ಅದರೊಳಗಿನ ಬೂಟ್ ಮ್ಯಾನೇಜರ್ ಆಮೇಲೆ ಹೋಗಿ ವಿಂಡೋಸನ್ನು ಎಬ್ಬಿಸುತ್ತದೆ. ನಿಮ್ಮ ಹುಡುಗ ವಿಂಡೋಸ್ 11 ಹಾಕುವಾಗ ಹಳೇ ಡಿಸ್ಕನ್ನೂ ಒಳಗೇ ಬಿಟ್ಟಿದ್ದ. ಆ ಡಿಸ್ಕಿನಲ್ಲಿ ವಿಂಡೋಸ್ 10ರ ಕಾಲದ ಇಎಫ್‌ಐ ವಿಭಾಗ ಆಗಲೇ ಇತ್ತು. ಇನ್‌ಸ್ಟಾಲರ್ ಅದನ್ನು ನೋಡಿ, ‘ಇದೆಯಲ್ಲ, ಇನ್ನೊಂದು ಯಾಕೆ’ ಅಂತ ಹೊಸ ಬೂಟ್ ಫೈಲ್‌ಗಳನ್ನೂ ಅಲ್ಲೇ ಇಟ್ಟಿತು. ಮನೆ ಹೊಸ ಜಾಗದಲ್ಲಿ, ಬೀಗದ ಕೈ ಹಳೇ ಜಾಗದಲ್ಲಿ. ಡಿಸ್ಕ್ ಬಿಚ್ಚಿದಾಗ ಬೀಗದ ಕೈಯೂ ಅದರ ಜೊತೆ ಹೋಯಿತು.

ಹಳೇ ಡಿಸ್ಕ್ ಮತ್ತೆ ಚುಚ್ಚಿದರೆ ಬಹುಶಃ ಏಳುತ್ತದೆ. ಆದರೆ ನೀವು ಹಾಗೆ ಮಾಡಬೇಡಿ. ಟಕ್ ಟಕ್ ಅನ್ನುವ ಡಿಸ್ಕ್ ಎಷ್ಟು ಹೊತ್ತು ತಿರುಗುತ್ತದೋ ಅಷ್ಟೂ ಹೊತ್ತು ನಿಮ್ಮ ಫೈಲ್‌ಗಳಿಗೆ ಅಪಾಯ. ಸುಮ್ನೆ ವಿಂಡೋಸ್ ಎಬ್ಬಿಸೋಕೆ ಅದನ್ನು ತಿರುಗಿಸುವುದು ಬೇಡ. ಅದರ ಉಳಿದ ಆಯುಷ್ಯವನ್ನೆಲ್ಲ ಫೈಲ್ ಹೊರತೆಗೆಯೋಕೇ ಇಟ್ಟುಕೊಳ್ಳಿ. ಎಸ್‌ಎಸ್‌ಡಿಗೆ ಅದರದ್ದೇ ಬೂಟ್ ವಿಭಾಗ ಮಾಡಿಕೊಡೋಣ.

ಇನ್ನೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ತಾಣದಿಂದ ವಿಂಡೋಸ್ 11ರ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಪೆನ್ ಡ್ರೈವ್ ತಯಾರು ಮಾಡಿ. ಪೆನ್ ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯಾದದ್ದನ್ನೇ ತಗೊಳ್ಳಿ. ನಿಮ್ಮ ಯಂತ್ರದಲ್ಲಿ ಎಸ್‌ಎಸ್‌ಡಿ ಒಂದೇ ಇರಲಿ. ಪೆನ್ ಡ್ರೈವ್ ಚುಚ್ಚಿ ಬೂಟ್ ಮೆನು ತೆರೆಯಿರಿ. ಆ ಕೀ ಒಂದೊಂದು ಕಂಪನಿಯದು ಒಂದೊಂದು ಥರ: ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಎಫ್8. ಅಲ್ಲಿ ಪೆನ್ ಡ್ರೈವಿನ ಹೆಸರು ಎರಡು ಸಲ ಕಾಣಬಹುದು. ಮುಂದೆ ‘ಯುಇಎಫ್‌ಐ’ ಅಂತ ಇರುವುದನ್ನೇ ಆರಿಸಿ. ಇಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ.

ಭಾಷೆ ಕೇಳುವ ಮೊದಲ ಪರದೆ ಬಂದಾಗ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. ಮುಂದಿನ ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ. ಒಂದೊಂದು ಸಾಲಿಗೂ ಎಂಟರ್.

‘ಡಿಸ್ಕ್‌ಪಾರ್ಟ್’ ಅನ್ನಿ. ಆಮೇಲೆ ‘ಲಿಸ್ಟ್ ಡಿಸ್ಕ್’. ನಿಮ್ಮ 500 ಜಿಬಿ ಎಸ್‌ಎಸ್‌ಡಿ ಇಲ್ಲಿ 465 ಜಿಬಿ ಅಂತ ಕಾಣುತ್ತದೆ. ಗಾಬರಿ ಬೇಡ, ಎಣಿಕೆ ಮಾಡುವ ಕ್ರಮ ಬೇರೆ ಅಷ್ಟೆ. ಅದೇ ಸಾಲಿನ ಕೊನೆಗೆ ಜಿಪಿಟಿ (ಡಿಸ್ಕಿನ ವಿಭಾಗಗಳನ್ನು ಗುರುತಿಟ್ಟುಕೊಳ್ಳುವ ಹೊಸ ಕ್ರಮ) ಎಂಬ ಕಾಲಮ್ಮಿನ ಕೆಳಗೆ ಒಂದು ನಕ್ಷತ್ರ ಚಿಹ್ನೆ ಇರಬೇಕು. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ನನಗೆ ಮತ್ತೆ ಬರೆಯಿರಿ. ಆಗ ದಾರಿ ಬೇರೆ. ನಕ್ಷತ್ರ ಇದ್ದರೆ ‘ಸೆಲೆಕ್ಟ್ ಡಿಸ್ಕ್ 0’, ಎಸ್‌ಎಸ್‌ಡಿಯ ಮುಂದೆ ಬೇರೆ ಸಂಖ್ಯೆ ಇದ್ದರೆ ಆ ಸಂಖ್ಯೆ. ‘ಲಿಸ್ಟ್ ವಾಲ್ಯೂಮ್’ ಅಂದರೆ ವಿಂಡೋಸ್ ಇರುವ ದೊಡ್ಡ ಎನ್‌ಟಿಎಫ್‌ಎಸ್ ವಿಭಾಗ ಕಾಣುತ್ತದೆ. ಅದರ ಅಕ್ಷರ ಸಿ ಆಗಿಯೇ ಇರಬೇಕೆಂದಿಲ್ಲ. ಯಾವುದಿದೆಯೋ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಕ್ಷರವೇ ಇಲ್ಲದಿದ್ದರೆ ಅದನ್ನು ಆರಿಸಿದ ಮೇಲೆ ‘ಅಸೈನ್’ ಅನ್ನಿ, ಒಂದು ಕೊಡುತ್ತದೆ.

ಆ ವಾಲ್ಯೂಮಿನ ಸಂಖ್ಯೆ ಹಾಕಿ ‘ಸೆಲೆಕ್ಟ್ ವಾಲ್ಯೂಮ್’ ಅಂತ ಆರಿಸಿ, ‘ಶ್ರಿಂಕ್ ಡಿಸೈರ್ಡ್=300’ ಕೊಡಿ. ವಿಂಡೋಸ್ ವಿಭಾಗದ ಬಾಲದಿಂದ 300 ಎಂಬಿ ಜಾಗ ಖಾಲಿ ಆಗುತ್ತದೆ, ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಮತ್ತೆ ‘ಸೆಲೆಕ್ಟ್ ಡಿಸ್ಕ್ 0’. ‘ಕ್ರಿಯೇಟ್ ಪಾರ್ಟಿಶನ್ ಇಎಫ್‌ಐ ಸೈಜ್=260’. ಈಗ ಒಂದು ನಿಮಿಷ ತಡೆಯಿರಿ. ಮುಂದಿನದು ಫಾರ್ಮ್ಯಾಟ್ ಕಮಾಂಡ್. ಅದಕ್ಕೂ ಮೊದಲು ‘ಲಿಸ್ಟ್ ಪಾರ್ಟಿಶನ್’ ಕೊಟ್ಟು, ಎಡಗಡೆಯ ನಕ್ಷತ್ರ 260 ಎಂಬಿಯ ಪುಟ್ಟ ವಿಭಾಗದ ಮುಂದೆಯೇ ಇದೆಯಾ ಅಂತ ಕಣ್ಣಾರೆ ನೋಡಿ. ಡಿಸ್ಕ್‌ಪಾರ್ಟ್ ಯಾವುದನ್ನು ಹಿಡಿದುಕೊಂಡು ನಿಂತಿದೆ ಅಂತ ಆ ನಕ್ಷತ್ರ ಹೇಳುತ್ತದೆ. ದೊಡ್ಡದರ ಮುಂದೆ ಇದ್ದಾಗ ಫಾರ್ಮ್ಯಾಟ್ ಅಂದರೆ ವಿಂಡೋಸೇ ಹೋಗುತ್ತದೆ. ಪುಟ್ಟದರ ಮುಂದೆಯೇ ಇದ್ದರೆ ‘ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32’, ಆಮೇಲೆ ‘ಅಸೈನ್ ಲೆಟರ್=ಎಸ್’, ಆಮೇಲೆ ‘ಎಕ್ಸಿಟ್’. ಇಂಟರ್ನೆಟ್ಟಿನಲ್ಲಿ ಸಿಗುವ ಕೆಲವು ಪಟ್ಟಿಗಳಲ್ಲಿ ‘ಕ್ಲೀನ್’ ಎಂಬ ಕಮಾಂಡೂ ಇರುತ್ತದೆ. ಅದನ್ನು ಮುಟ್ಟಬೇಡಿ, ಇಡೀ ಡಿಸ್ಕಿನ ವಿಭಾಗಗಳನ್ನೇ ಅಳಿಸಿಹಾಕುತ್ತದೆ.

ಕೊನೆಯದು: ‘ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ’. ಸಿ ಇರುವ ಕಡೆ ನಿಮ್ಮ ಚೀಟಿಯ ಅಕ್ಷರ. ಬೂಟ್ ಫೈಲ್‌ಗಳು ಯಶಸ್ವಿಯಾಗಿ ಆದವು ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ಪೆನ್ ಡ್ರೈವ್ ತೆಗೆದು ಮತ್ತೆ ಆನ್ ಮಾಡಿ. ಬಯಾಸಿನ ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿಗೆ ಇರಲಿ. ನಿಮ್ಮ ವಿಂಡೋಸ್, ಪೇಜ್‌ಮೇಕರ್, ಕೋರೆಲ್ ಡ್ರಾ ಎಲ್ಲ ಇದ್ದಲ್ಲೇ ಇರುತ್ತವೆ.

ಈಗ ಹಳೇ ಡಿಸ್ಕಿನ ಮಾತು. ನನಗೆ ಚಿಂತೆ ಇರುವುದು ಇದರ ಬಗ್ಗೆಯೇ. ಅದನ್ನು ಯಂತ್ರದೊಳಗೆ ಹಾಕದೆ, ಯುಎಸ್‌ಬಿ-ಸಾಟಾ ಅಡಾಪ್ಟರ್ ಮೂಲಕ ಹೊರಗಿನಿಂದ ಚುಚ್ಚಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕ್ ಆದ್ದರಿಂದ 12 ವೋಲ್ಟಿನ ಪ್ರತ್ಯೇಕ ಪವರ್ ಬರುವ ಅಡಾಪ್ಟರೇ ಬೇಕು. ಯುಎಸ್‌ಬಿ ಒಂದರಿಂದಲೇ ನಡೆಯುವುದು ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕಿಗೆ ಮಾತ್ರ. ಚುಚ್ಚಿದಾಗ ವಿಂಡೋಸ್ ‘ಡಿಸ್ಕಿನಲ್ಲಿ ದೋಷ ಇದೆ, ಸರಿಪಡಿಸಲಾ?’ ಅಂತ ಕೇಳಿದರೆ ಬೇಡ ಅನ್ನಿ. ಚೆಕ್‌ಡಿಸ್ಕ್ ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಗಂಟೆಗಟ್ಟಲೆ ಓಡಾಡಿ, ಸಿಗಬಹುದಾಗಿದ್ದ ಫೈಲನ್ನೂ ಕೆಡಿಸಬಹುದು.

ಎಲ್ಲವನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ಕಾಪಿಗೆ ಹಾಕಬೇಡಿ. ಒಂದು ಕೆಟ್ಟ ಜಾಗ ಸಿಕ್ಕರೆ ಅಲ್ಲೇ ನಿಂತುಬಿಡುತ್ತದೆ. ಮತ್ತೆ ಮಾಡೋಕೆ ಆಗದಂಥದ್ದನ್ನು ಮೊದಲು ತೆಗೆಯಿರಿ: ಗಿರಾಕಿಗಳ ಫೋಲ್ಡರ್‌ಗಳು, ನೀವೇ ಕೂತು ಬಿಡಿಸಿದ ಡಿಸೈನುಗಳು. ಸಿನಿಮಾ, ಹಾಡು, ಸಾಫ್ಟ್‌ವೇರ್ ಸೆಟಪ್ಪುಗಳು ಕೊನೆಗೆ. ಮಧ್ಯೆ ಮಧ್ಯೆ ನಿಲ್ಲುತ್ತಿದ್ದರೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದೆ, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಓಡುತ್ತದೆ. ಅದು ಮೊದಲು ಚೆನ್ನಾಗಿರುವ ಜಾಗಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ತೆಗೆದುಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಕೈ ಹಾಕುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಯಾಕೆಂದರೆ ಇಲ್ಲಿ ಯಾವ ಡಿಸ್ಕಿನಿಂದ ಯಾವುದಕ್ಕೆ ಅನ್ನುವುದು ಅದಲು ಬದಲಾದರೆ ಎಲ್ಲ ಹೋಯಿತು. ಟಕ್ ಟಕ್ ಸದ್ದು ಒಂದೇ ಸಮನೆ ಬಂದು ಡಿಸ್ಕ್ ಕಾಣಿಸಿಕೊಳ್ಳದಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರವೇ ಹೋಗಿ. ಯಾರಿಗೂ ಅದರ ಮುಚ್ಚಳ ಬಿಚ್ಚೋಕೆ ಬಿಡಬೇಡಿ. ಒಳಗಿನ ತಟ್ಟೆಗೆ ಧೂಳು ಕೂತರೆ ಆಮೇಲೆ ಅವರ ಕೈಯಲ್ಲೂ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ ‘ಫಾಂಟ್ಸ್’ ಅಂತ ಇದೆ. ಅದನ್ನೂ ಪೂರ್ತಿ ಕಾಪಿ ಮಾಡಿಕೊಳ್ಳಿ. ಹಳೇ ನುಡಿ ಅಕ್ಷರಗಳಲ್ಲಿ ಮಾಡಿದ ಫೈಲ್ ಹೊಸ ವಿಂಡೋಸಿನಲ್ಲಿ ತೆರೆದರೆ ಕನ್ನಡ ಇರುವ ಕಡೆಯೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಫೈಲ್ ಕೆಟ್ಟಿತು ಅಂತ ಅದನ್ನು ಅಳಿಸಿದವರನ್ನೂ ನೋಡಿದ್ದೇನೆ, ತುಂಬಾ ಸಂಕಟ ಆಗುತ್ತದೆ. ಫೈಲ್ ಚೆನ್ನಾಗಿಯೇ ಇರುತ್ತದೆ, ಫಾಂಟ್ ಇಲ್ಲ ಅಷ್ಟೆ. ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿ, ನಿಮ್ಮ ಹಳೇ ಫಾಂಟುಗಳನ್ನೂ ಸೇರಿಸಿದರೆ ಅಕ್ಷರ ಮೊದಲಿನಂತೆ ಕೂರುತ್ತವೆ. ಬಿಡುವಾದಾಗ ಮುಖ್ಯ ಪಠ್ಯಗಳನ್ನು ಯೂನಿಕೋಡಿಗೆ ಬದಲಿಸಿ ಇಟ್ಟುಕೊಳ್ಳಿ. ಮುಂದೆ ಯಾವ ಯಂತ್ರದಲ್ಲಿ ತೆರೆದರೂ ಈ ಪಾಡು ಇರುವುದಿಲ್ಲ.

ನಿಮ್ಮ ಹುಡುಗನಿಗೂ ಒಂದು ಮಾತು ಹೇಳಿ: ವಿಂಡೋಸ್ ಹಾಕುವಾಗ ಯಾವ ಡಿಸ್ಕಿಗೆ ಹಾಕಬೇಕೋ ಅದೊಂದನ್ನು ಬಿಟ್ಟು ಉಳಿದ ಎಲ್ಲದರ ಕೇಬಲ್ ತೆಗೆದಿಡಬೇಕು. ಕೆಲಸ ಮುಗಿದ ಮೇಲೆ ಚುಚ್ಚಿದರಾಯಿತು.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಇಂಟೆಲ್ 11ನೇ ತಲೆಮಾರಿನದು. 256 ಜಿಬಿ ತೆಗೆದು 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದೆ. ಬಯಾಸಿನಲ್ಲಿ ಕಾಣುತ್ತದೆ. ಆದರೆ ವಿಂಡೋಸ್ ಹಾಕೋಕೆ ಹೋದರೆ ಯಾವ ಡ್ರೈವೂ ಇಲ್ಲ ಅನ್ನುತ್ತದೆ. ಹೊಸ ಎಸ್‌ಎಸ್‌ಡಿಯೇ ಡಿಫೆಕ್ಟಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ಇಲ್ಲಪ್ಪ, ವಾಪಸ್ ಕೊಡೋಕೆ ಹೋಗಬೇಡ. ಬಯಾಸಿಗೆ ಕಂಡಿದೆ ಅಂದಮೇಲೆ ಡಿಸ್ಕ್ ಸರಿ ಇದೆ. ಕಾಣದೇ ಇರುವುದು ಇನ್‌ಸ್ಟಾಲರಿಗೆ ಮಾತ್ರ.

ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿಯೇ ಬರುತ್ತದೆ. ಎಸ್‌ಎಸ್‌ಡಿ ಅದರ ಹಿಂದೆ ಕೂತಿರುತ್ತದೆ. ಪೆನ್ ಡ್ರೈವಿನಲ್ಲಿರುವ ಇನ್‌ಸ್ಟಾಲರಿಗೆ ಅದರ ಡ್ರೈವರ್ ಇಲ್ಲದಿದ್ದರೆ ಡಿಸ್ಕ್ ಇದ್ದೂ ಇಲ್ಲದಂತೆ. ನಿನ್ನ ಲ್ಯಾಪ್‌ಟಾಪ್ ಕಂಪನಿಯ ತಾಣಕ್ಕೆ ಹೋಗಿ, ಮಾಡೆಲ್ ಹಾಕಿ, ಇಂಟೆಲ್ ರಾಪಿಡ್ ಸ್ಟೋರೇಜ್ ಟೆಕ್ನಾಲಜಿ ಡ್ರೈವರ್ ಇಳಿಸಿಕೋ. ಜಾಸ್ತಿ ಜನ ಎಡವುವುದು ಇಲ್ಲಿಯೇ: ಇಳಿದ ಸೆಟಪ್ ಫೈಲನ್ನು ಹಾಗೇ ಪೆನ್ ಡ್ರೈವಿಗೆ ಹಾಕಿದರೆ ಪ್ರಯೋಜನ ಇಲ್ಲ. ಅದನ್ನು ಬಿಚ್ಚಬೇಕು. ಬಿಚ್ಚಿದ ಫೋಲ್ಡರಿನಲ್ಲಿ ಚುಕ್ಕಿ ಐ-ಎನ್-ಎಫ್ ಎಂದು ಕೊನೆಯಾಗುವ ಫೈಲ್‌ಗಳು ಕಾಣಬೇಕು. ಇನ್‌ಸ್ಟಾಲರ್ ಹುಡುಕುವುದು ಅವನ್ನೇ. ಡ್ರೈವ್ ಇಲ್ಲ ಅನ್ನುವ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸು. ಪಟ್ಟಿಯಲ್ಲಿ ವಿಎಂಡಿ ಅಂತ ಇರುವುದನ್ನು ಆರಿಸಿದರೆ ಎಸ್‌ಎಸ್‌ಡಿ ಬಂದು ಕೂರುತ್ತದೆ.

ಬಯಾಸಿನಲ್ಲಿ ವಿಎಂಡಿಯನ್ನೇ ಆಫ್ ಮಾಡುವ ಇನ್ನೊಂದು ದಾರಿಯೂ ಇದೆ. ಹೊಸದಾಗಿ ವಿಂಡೋಸ್ ಹಾಕುವವನಿಗೆ ಅದು ಸುಲಭ. ಆದರೆ ಹಳೇ ಎಸ್‌ಎಸ್‌ಡಿಯಿಂದ ಕ್ಲೋನ್ ಮಾಡಿ (ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿ) ತಂದ ವಿಂಡೋಸ್ ಆಗಿದ್ದರೆ ಆಫ್ ಮಾಡಬೇಡ. ಮಾಡಿದರೆ ಕೆಳಗಿನ ತುಮಕೂರಿನವರ ಸ್ಥಿತಿಯೇ ಆಗುತ್ತದೆ.

ಹಳೇ 256 ಜಿಬಿಯನ್ನು ಹೊಸದು ನಾಲ್ಕು ದಿನ ಸರಿಯಾಗಿ ಓಡುವವರೆಗೆ ಅಳಿಸದೇ ಇಡು. ಪ್ರಾಜೆಕ್ಟ್ ರಿಪೋರ್ಟೆಲ್ಲ ಅದರಲ್ಲೇ ಇರುತ್ತದೆ, ಅಲ್ವಾ?

ಪ್ರಶ್ನೆ: ಡಿಸ್ಕನ್ನು ಕ್ಲೋನ್ ಮಾಡಿ ಎಸ್‌ಎಸ್‌ಡಿ ಹಾಕಿದರು. ಹಾಗೇ ಮದರ್‌ಬೋರ್ಡಿನ ಬ್ಯಾಟರಿಯನ್ನೂ ಹೊಸದು ಹಾಕಿದರು. ವಿಂಡೋಸ್ ಚಿಹ್ನೆ ಬಂದು ತಿರುಗುತ್ತದೆ, ಆಮೇಲೆ ನೀಲಿ ಪರದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಕ್ಲೋನ್ ಸರಿಯಾಗಿಲ್ಲ ಅಂತ ಮತ್ತೆ ಮಾಡಿದರೂ ಅದೇ.
– ಅಕೌಂಟ್ಸ್ ಕೆಲಸದವರು, ತುಮಕೂರು

ಉತ್ತರ: ಹಾವೇರಿಯವರ ಯಂತ್ರಕ್ಕಿಂತ ನಿಮ್ಮದು ಇನ್ನೂ ಮುಂದೆ ಬಂದು ನಿಂತಿದೆ, ಅದು ಒಳ್ಳೆಯ ಸುದ್ದಿ. ಬೂಟ್ ಫೈಲ್ ಸಿಕ್ಕಿದೆ, ವಿಂಡೋಸ್ ಅರ್ಧ ಎದ್ದೂ ಇದೆ. ಎದ್ದಮೇಲೆ ತನ್ನದೇ ಡಿಸ್ಕನ್ನು ಓದೋಕೆ ಆಗುತ್ತಿಲ್ಲ. ಕ್ಲೋನಿಗಿಂತ ನನಗೆ ಅನುಮಾನ ಆ ಬ್ಯಾಟರಿಯ ಮೇಲೆ.

ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಅದು. ಅದನ್ನು ತೆಗೆದಾಗ ಬಯಾಸ್ ಸೆಟ್ಟಿಂಗ್‌ಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗಬಹುದು. ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಹಾಗಾಗಿದೆ ಅಂತಲೇ ಅರ್ಥ. ಅದರ ಜೊತೆಗೆ ಸಾಟಾ ಮೋಡ್, ಅಂದರೆ ಯಂತ್ರ ಡಿಸ್ಕಿನ ಜೊತೆ ವ್ಯವಹರಿಸುವ ರೀತಿ, ಕೂಡ ಬದಲಾಗಿರಬಹುದು: ಎಎಚ್‌ಸಿಐ ಇದ್ದದ್ದು ರೇಡ್ ಆಗಬಹುದು, ರೇಡ್ ಇದ್ದದ್ದು ಎಎಚ್‌ಸಿಐ ಆಗಬಹುದು. ವಿಂಡೋಸ್ ಯಾವ ಮೋಡಿಗೆ ಡ್ರೈವರ್ ಇಟ್ಟುಕೊಂಡಿತ್ತೋ ಅದು ಇಲ್ಲದಿದ್ದರೆ ಇದೇ ನೀಲಿ ಪರದೆ. ಬಯಾಸಿಗೆ ಹೋಗಿ ಸಾಟಾ ಮೋಡ್ ಈಗ ಏನಿದೆ ಅಂತ ಬರೆದುಕೊಂಡು, ಇನ್ನೊಂದಕ್ಕೆ ಬದಲಿಸಿ, ಸೇವ್ ಮಾಡಿ ಎಬ್ಬಿಸಿ. ಜಾಸ್ತಿ ಕೇಸುಗಳಲ್ಲಿ ಅಷ್ಟಕ್ಕೇ ಏಳುತ್ತದೆ.

ಎದ್ದಮೇಲೆ ಅದೇ ಮೋಡಿನಲ್ಲಿ ಇದ್ದುಬಿಡಬಹುದು. ರೇಡ್ ಬಿಟ್ಟು ಎಎಚ್‌ಸಿಐಗೇ ಹೋಗಬೇಕು ಅಂತಿದ್ದರೆ ಮೊದಲು ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಎಂಬಲ್ಲಿ ‘ಸೇಫ್ ಬೂಟ್’ ಗುರುತು ಹಾಕಿ. ರೀಸ್ಟಾರ್ಟ್ ಮಾಡಿ, ಬಯಾಸಿನಲ್ಲಿ ಮೋಡ್ ಬದಲಿಸಿ. ಸೇಫ್ ಮೋಡಿನಲ್ಲಿ ಒಮ್ಮೆ ಎದ್ದರೆ ವಿಂಡೋಸ್ ಬೇಕಾದ ಡ್ರೈವರ್ ಜೋಡಿಸಿಕೊಳ್ಳುತ್ತದೆ. ಆಮೇಲೆ ಆ ಗುರುತು ತೆಗೆದರೆ ಮುಗಿಯಿತು. ಸೇಫ್ ಮೋಡಿನಲ್ಲಿ ನಾಲ್ಕಂಕಿಯ ಪಿನ್ ಕೆಲಸ ಮಾಡದೇ ಇರಬಹುದು. ಖಾತೆಯ ಪೂರ್ತಿ ಪಾಸ್‌ವರ್ಡ್ ಗೊತ್ತಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ತಾರೀಖನ್ನೂ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಲೆಕ್ಕದ ಎಂಟ್ರಿಗಳಿಗೆಲ್ಲ ತಪ್ಪು ದಿನ ಕೂರುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸುಟ್ಟಿತು. ಅದರ ಎಸ್‌ಎಸ್‌ಡಿಯನ್ನು ಮಗಳ ಹೊಸ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆವು. ನೀಲಿ ಪರದೆಯಲ್ಲಿ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತಿದೆ. ನಾನು ಯಾವತ್ತೂ ಅಂಥದ್ದನ್ನು ಹಾಕಿಲ್ಲ. ಒಬ್ಬರು ದುಡ್ಡು ಕೊಟ್ಟರೆ ಒಡೆದುಕೊಡುತ್ತೇವೆ ಅಂತಾರೆ.
– ಶಾಲಾ ಶಿಕ್ಷಕಿ, ಪುತ್ತೂರು

ಉತ್ತರ: ದುಡ್ಡು ಕೊಡಬೇಡಿ ಟೀಚರ್. ಆ ಬೀಗವನ್ನು ಕೀ ಇಲ್ಲದೇ ಒಡೆಯೋಕೆ ಅಂಗಡಿಯವರ ಕೈಯಲ್ಲಿ ಆಗುವುದಿಲ್ಲ.

ನೀವು ಹಾಕಿಲ್ಲ ಅನ್ನುವುದು ನಿಜವೇ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ತಾನಾಗಿಯೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಡುತ್ತದೆ, ಅಂದರೆ ಕೀ ಇಲ್ಲದೇ ಓದೋಕೆ ಆಗದ ಹಾಗೆ ಬೀಗ ಹಾಕುತ್ತದೆ. ಆ ಬೀಗದ ಹೆಸರೇ ಬಿಟ್‌ಲಾಕರ್. ದಿನಾ ತೆರೆಯುವ ಕೀ ಮದರ್‌ಬೋರ್ಡಿನ ಟಿಪಿಎಂ ಚಿಪ್ಪಿನ ಕಾವಲಿನಲ್ಲಿ ಇರುತ್ತದೆ, ಅದಕ್ಕೇ ನಿಮಗೆ ಇಷ್ಟು ದಿನ ಗೊತ್ತಾಗಲಿಲ್ಲ. ಬೋರ್ಡ್ ಸುಟ್ಟಿತು, ಡಿಸ್ಕ್ ಬೇರೆ ಬೋರ್ಡಿಗೆ ಬಂತು, ಈಗ ಅದು ರಿಕವರಿ ಕೀ ಕೇಳುತ್ತಿದೆ.

ಆರಾರು ಅಂಕಿಯ ಎಂಟು ಗುಂಪು, ಒಟ್ಟು 48 ಅಂಕಿ. ತಾನಾಗಿಯೇ ಎನ್‌ಕ್ರಿಪ್ಟ್ ಆದಾಗ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲಿನಲ್ಲೇ ಮೈಕ್ರೋಸಾಫ್ಟ್ ಖಾತೆಯ ತಾಣಕ್ಕೆ ಹೋಗಿ, ಹಳೇ ಲ್ಯಾಪ್‌ಟಾಪಿನಲ್ಲಿ ಬಳಸುತ್ತಿದ್ದ ಇಮೇಲಿನಿಂದ ಒಳಗೆ ಹೋಗಿ, ಡಿವೈಸಸ್ ಭಾಗದಲ್ಲಿ ಬಿಟ್‌ಲಾಕರ್ ಕೀಗಳನ್ನು ನೋಡಿ. ಒಂದಕ್ಕಿಂತ ಹೆಚ್ಚು ಕೀ ಇದ್ದರೆ ನೀಲಿ ಪರದೆಯಲ್ಲಿ ತೋರಿಸುವ ಕೀ ಐಡಿಯ ಮೊದಲ 8 ಅಕ್ಷರ ಯಾವುದಕ್ಕೆ ಹೊಂದುತ್ತದೋ ಅದೇ ನಿಮ್ಮದು. ಶಾಲೆ ಕೊಟ್ಟ ಇಮೇಲಿನಿಂದ ಲಾಗಿನ್ ಆಗಿದ್ದರೆ ಕೀ ಶಾಲೆಯ ಕಂಪ್ಯೂಟರ್ ನೋಡಿಕೊಳ್ಳುವವರ ಹತ್ತಿರ ಸಿಗಬಹುದು. ಮನೆಯಲ್ಲಿ ಬೇರೆ ಯಾರದಾದರೂ ಇಮೇಲಿನಿಂದ ಲ್ಯಾಪ್‌ಟಾಪ್ ಶುರು ಮಾಡಿದ್ದಿರಾ ಅಂತಲೂ ನೆನಪು ಮಾಡಿಕೊಳ್ಳಿ. ಮಕ್ಕಳ ಇಮೇಲ್ ಹಾಕಿ ಶುರು ಮಾಡಿಕೊಡುವುದು ತುಂಬಾ ಮನೆಗಳಲ್ಲಿ ಇದೆ.

ಒಂದು ಎಚ್ಚರಿಕೆ. ನಿಮ್ಮ ಎಸ್‌ಎಸ್‌ಡಿ ಹಾಕೋಕೆ ಮಗಳ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ತೆಗೆದಿದ್ದೀರಿ. ಅದನ್ನು ವಾಪಸ್ ಹಾಕಿದಾಗ ಅದೂ ಕೀ ಕೇಳಬಹುದು. ಅವಳ ಕೀ ಈಗಲೇ ಹುಡುಕಿ, ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡಿ. ನಿಮ್ಮ ಡಿಸ್ಕಿಗೆ ಯುಎಸ್‌ಬಿ ಅಡಾಪ್ಟರ್ ತಗೊಳ್ಳಿ. ಅದರ ಮೂಲಕ ಚುಚ್ಚಿದಾಗಲೂ ಆ 48 ಅಂಕಿ ಕೊಟ್ಟು ತೆರೆದು, ಪಾಠದ ಫೈಲ್‌ಗಳನ್ನೂ ಫೋಟೋಗಳನ್ನೂ ಕಾಪಿ ಮಾಡಿಕೊಳ್ಳಬಹುದು. ಮಗಳ ಯಂತ್ರ ಮತ್ತೆ ಬಿಚ್ಚುವುದು ಬೇಕಾಗುವುದಿಲ್ಲ.

ಪ್ರಶ್ನೆ: 2013ರ ಲ್ಯಾಪ್‌ಟಾಪ್ ಇದೆ. ಎಂ.2 ಎಸ್‌ಎಸ್‌ಡಿ ತಂದಿದ್ದೇನೆ, ಕೂರಿಸೋಕೆ ಜಾಗವೇ ಸಿಗುತ್ತಿಲ್ಲ.
– ಕೃಷಿಕರು, ಶಿರಸಿ

ಉತ್ತರ: ಬಿಲ್ ಇದ್ದರೆ ಆ ಎಸ್‌ಎಸ್‌ಡಿಯನ್ನು ವಾಪಸ್ ಕೊಟ್ಟು, 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಂಡು ಬನ್ನಿ. ಹಳೇ ಹಾರ್ಡ್ ಡಿಸ್ಕ್ ಕೂತಿದ್ದ ಜಾಗದಲ್ಲೇ ಅದೇ ಕನೆಕ್ಟರಿಗೆ ಕೂರುತ್ತದೆ. ಆ ಕಾಲದ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಎಂ.2 ಎಂಬ ಪಟ್ಟಿಯಂಥ ಎಸ್‌ಎಸ್‌ಡಿಗೆ ಜಾಗ ಇರಲಿಲ್ಲ. ವೈಫೈ ಕಾರ್ಡಿನ ಜಾಗಕ್ಕೆ ಒತ್ತಿ ಕೂರಿಸೋಕೆ ಹೋಗಬೇಡಿ, ಪಿನ್ನುಗಳು ಮುರಿಯುತ್ತವೆ.

ಎಂ.2 ಜಾಗ ಇರುವವರೂ ಕೊಳ್ಳುವ ಮೊದಲು ಒಂದು ನೋಡಬೇಕು. ಎಂ.2ದಲ್ಲಿ ಸಾಟಾ ಬೇರೆ, ಎನ್‌ವಿಎಂಇ ಬೇರೆ. ಎರಡೂ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಅದೇ ಪಟ್ಟಿ. ಆದರೆ ಸಾಟಾದ್ದಕ್ಕೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಹೆಚ್ಚಾಗಿ ಒಂದೇ ಕಚ್ಚು. ನಿಮ್ಮ ಬೋರ್ಡ್ ಯಾವುದನ್ನು ಒಪ್ಪುತ್ತದೆ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಂಡೇ ಅಂಗಡಿಗೆ ಹೋಗಿ. ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ 11ರ ಷರತ್ತುಗಳಿಗೆ ಹೊಂದುವುದಿಲ್ಲ. ಅಡಿಕೆ ಲೆಕ್ಕ, ಪಹಣಿ ನೋಡುವುದು, ಇಮೇಲ್ ಇಷ್ಟೇ ಆಗಿದ್ದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿ, ಆ ಎಸ್‌ಎಸ್‌ಡಿಯ ಮೇಲೆ ಚೆನ್ನಾಗಿ ಓಡುತ್ತದೆ. ಪ್ರಿಂಟರ್ ಯಾವ ಮಾಡೆಲ್ ಅಂತ ಬರೆಯಿರಿ. ಅದು ಲಿನಕ್ಸಿಗೆ ಹೊಂದುತ್ತದಾ ಅಂತ ಮುಂದಿನ ಸಲ ತಿಳಿಸುತ್ತೇನೆ.